ಕ್ಯಾಸಲ್‌ರಾಕ್ ನಿಲ್ದಾಣ

ಉತ್ತರ ಕನ್ನಡ ಜಿಲ್ಲೆಯಲ್ಲಿ, ಸಹ್ಯಾದ್ರಿಯ ನೆತ್ತಿಯ ಮೇಲೆ, ದಟ್ಟವಾದ ಅರಣ್ಯದ ನಡುವೆ ಕ್ಯಾಸಲ್‌ರಾಕ್ ಎಂಬ ಸಣ್ಣ ಊರೊಂದುಂಟು. ಕೋಟೆಯಂತೆ ತೋರುವ ಬಂಡೆಯನ್ನು ಕಂಡು ಆಂಗ್ಲರು ಇಟ್ಟ ಹೆಸರದು. ಊರಿನ ಬಾಳುವೆಯೆಲ್ಲವೂ ಅಲ್ಲಿನ ರೈಲು ನಿಲ್ದಾಣವನ್ನು ಆಶ್ರಯಿಸಿಯೇ ಬೆಳೆದುದು.

ಈ ನಿಲ್ದಾಣದ ಮೂಲವನ್ನರಸಿದರೆ ಧಾರವಾಡದ ಎರೆಭೂಮಿಗೆ ಹೋಗಬೇಕಾಗುತ್ತದೆ. 1861ರಿಂದ 1865ರ ವರೆಗೆ ಅಮೆರಿಕದಲ್ಲಿ ನಡೆದ ಅಂತರ್ಯುದ್ಧದ ದೆಸೆಯಿಂದ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿಯ ಅಭಾವವುಂಟಾಗಲು, ಅಲ್ಲಿನ ವರ್ತಕರ ದೃಷ್ಟಿ ಧಾರವಾಡದ ಹತ್ತಿಯ ಮೇಲೆ ಬಿದ್ದಿತು. ಅದನ್ನು ಹಡಗಿಗೇರಿಸಲು ಕಾರವಾರವೇ ತಕ್ಕ ಬಂದರೆಂದು ಬಗೆಯಲಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದುದಕ್ಕೂ ಈ ಬಂದರೇ ಕಾರಣ. ಹತ್ತಿ ಹೇರಿದ ಗಾಡಿಗಳು ಘಟ್ಟವಿಳಿದವು. ರೈಲೂ ಅದೇ ದಾರಿಯನ್ನು ಹಿಡಿಯುವುದೆಂಬ ಆಸೆ ಕಾರವಾರದಲ್ಲಿ ಮೂಡಿತು.

ಆದುದು ಬೇರೆ. 1878ರ ಡಿಸೆಂಬರಿನಲ್ಲಿ ಆಂಗ್ಲರಿಗೂ ಪೋರ್ಚುಗೀಸರಿಗೂ ಒಡಂಬಡಿಕೆಯಾಯಿತು. ಗೋವೆಯ ಉಪ್ಪಿನ ಮೇಲಣ ಹಿಡಿತ ಆಂಗ್ಲರ ಪಾಲಾಯಿತು. ಗಡಿಯ ಸುಂಕ ರದ್ದಾಯಿತು. ಮಾರ್ಮಗೋವಾ ಬಂದರಿನಿಂದ ಗಡಿಯ ವರೆಗೆ ರೈಲುದಾರಿ ಗೊತ್ತಾಯಿತು. ಕಂಪೆನಿ ಆಂಗ್ಲರದು, ಬಡ್ಡಿಯ ಹೊಣೆ ಪೋರ್ಚುಗಲ್ ಸರಕಾರದ್ದು. ಹೊಣೆಯನ್ನು ಇತರರ ಹೆಗಲಿಗೇರಿಸುವುದರಲ್ಲಿ ಆಂಗ್ಲ ವ್ಯಾಪಾರಿಗಳು ನಿಪುಣರು.

ಕುಳೆಂ ಎಂಬಲ್ಲಿಂದ ಮೇಲಣ ಘಟ್ಟದ ಹಾದಿಯೇ ಕಷ್ಟತರವಾದುದು. ಸುಮಾರು 26 ಕಿಲೋಮೀಟರಿನಲ್ಲಿ 500 ಮೀಟರಿಗೂ ಮಿಕ್ಕ ಏರು. ಬಂಡೆ ಕೊರೆದ ಸುರಂಗಗಳು. ದೂಧಸಾಗರ ಜಲಪಾತದ ಎದೆಯ ಮೇಲೆಯೇ ಹಾಯುವ ಸೇತುವೆ. ಭಾರದ ಬಂಡಿಗಳನ್ನು ಮೇಲೇರಿಸಲು ಇಂದಿಗೂ ಹಿಂದಿನಿಂದ ಎಂಜಿನುಗಳು ನೂಕಬೇಕು. 1888ರಲ್ಲಿ ಈ ಹಳಿಯೂ ಸದರ್ನ್ ಮರಾಠಾ ಕಂಪೆನಿಯ ಹಳಿಯೂ ಕ್ಯಾಸಲ್‌ರಾಕಿನಲ್ಲಿ ಕೂಡಿದವು. ಧಾರವಾಡದ ಹತ್ತಿ ಮಾರ್ಮಗೋವೆಗೆ ಹರಿಯಿತು, ಕಾರವಾರ ಬರಿದಾಯಿತು.

ಒಡಂಬಡಿಕೆಯಾದರೋ ಅಲ್ಪಾಯು. 1892ರಲ್ಲಿ ಅದು ಮುಗಿಯಲು ಸುಂಕದ ಗೋಡೆ ಮತ್ತೆ ಎದ್ದಿತು. ಇತ್ತ ಕ್ಯಾಸಲ್‌ರಾಕಿನಲ್ಲಿ ಆಂಗ್ಲರ ಸುಂಕದ ಕಟ್ಟೆ, ಅತ್ತ ಕುಳೆಂನಲ್ಲಿ ಪೋರ್ಚುಗೀಸರದು. ಪ್ರಯಾಣಿಕರು ಒಂದೇ ಗಂಟನ್ನು ಎರಡು ಸಲ ಬಿಚ್ಚಿ ತೋರಿಸಬೇಕು. ದಾರಿಯಿಂದ ನಿರೀಕ್ಷಿಸಿದ ಆದಾಯವೂ ಬರಲಿಲ್ಲ. 1902ರಲ್ಲಿ ಅದರ ಆಡಳಿತವನ್ನು ಸದರ್ನ್ ಮರಾಠಾ ಕಂಪೆನಿಗೇ ವಹಿಸಲಾಯಿತು. ರಾಜ್ಯಗಳು ಎರಡು, ಬಂಡಿ ಒಂದು.

1947ರಲ್ಲಿ ಆಂಗ್ಲರು ತೆರಳಿದರೂ ಪೋರ್ಚುಗೀಸರು ಕದಲಲಿಲ್ಲ. 1955ರ ಆಗಸ್ಟ್ 15ರಂದು ಗಡಿ ದಾಟಿ ಗೋವೆಯನ್ನು ಹೊಕ್ಕ ಸತ್ಯಾಗ್ರಹಿಗಳಲ್ಲಿ ಅನೇಕರು ಗುಂಡಿಗೆ ಬಲಿಯಾದರು. ಆ ವರ್ಷವೇ ಭಾರತ ಸರಕಾರವು ಗಡಿಯ ರೈಲು ಸಂಚಾರವನ್ನು ನಿಲ್ಲಿಸಿತು. ಹಾದುಹೋಗುವ ನಿಲ್ದಾಣವಾಗಿದ್ದ ಕ್ಯಾಸಲ್‌ರಾಕ್ ಹಳಿಯ ಕೊನೆಯಾಯಿತು. 1961ರ ಡಿಸೆಂಬರಿನಲ್ಲಿ ಗೋವೆ ವಿಮೋಚನೆಗೊಳ್ಳಲು ಗಡಿಯೇ ಅಳಿಯಿತು. ದಾರಿ ಮತ್ತೆ ತೆರೆಯಿತು, ಆದರೆ ಸುಂಕದ ಕಟ್ಟೆಯಿಂದ ಊರಿಗಿದ್ದ ಮಹತ್ವ ಮರಳಲಿಲ್ಲ.

1990ರ ದಶಕದಲ್ಲಿ ಮೀಟರು ಹಳಿ ಹೋಗಿ ಅಗಲ ಹಳಿ ಬಂದಿತು. ಹಿಂದೆ ಹತ್ತಿ ಇಳಿದ ಘಟ್ಟವನ್ನು ಈಗ ಬಳ್ಳಾರಿ ಸೀಮೆಯ ಉಕ್ಕಿನ ಕಾರ್ಖಾನೆಗಳಿಗಾಗಿ ವಿದೇಶದ ಕಲ್ಲಿದ್ದಲು ಏರುತ್ತಿದೆ. ಕಾರವಾರಕ್ಕೆ ರೈಲು ಬಂದುದು ಅದೇ ದಶಕದಲ್ಲಿ, ಕೊಂಕಣ ರೈಲ್ವೆಯಿಂದ. ಅದೂ ಕಡಲ ಕರೆಯನ್ನು ಹಿಡಿದು. ಹುಬ್ಬಳ್ಳಿಯಿಂದ ಘಟ್ಟವಿಳಿದು ನೇರವಾಗಿ ಆ ಕರಾವಳಿಗೆ ಬರುವ ದಾರಿ ಇನ್ನೂ ಆಗಿಲ್ಲ.