ಕಲ್ಯಾಣದ ಪ್ರಬಂಧ

ಮುಂಬಯಿಯಿಂದ ಹೊರಟ ಉಗಿಬಂಡಿಯು 1853ರಲ್ಲಿ ಠಾಣೆಯನ್ನೂ ಮರುವರ್ಷ ಕಲ್ಯಾಣವನ್ನೂ ಮುಟ್ಟಿದ ಕೆಲಕಾಲದ ತರುವಾಯ, 1865ರ ಮಾರ್ಚ್ 31ರಂದು, ಅದೇ ಕಲ್ಯಾಣದಲ್ಲಿ ಯಮುನಾ ಎಂಬ ಹೆಣ್ಣುಮಗು ಜನಿಸಿತು. ಒಂಬತ್ತನೆಯ ವಯಸ್ಸಿನಲ್ಲಿ ಅಂಚೆಯ ಗುಮಾಸ್ತ ಗೋಪಾಳರಾವ್ ಜೋಶಿಯವರ ಕೈಹಿಡಿದು ಆನಂದೀಬಾಯಿ ಎನಿಸಿದ ಆ ಬಾಲೆಯು, ಹದಿನಾಲ್ಕರ ಎಳವೆಯಲ್ಲಿ ಹತ್ತು ದಿನದ ಹಸುಗೂಸನ್ನು ಕಳೆದುಕೊಂಡ ಶೋಕದಿಂದಲೇ ವೈದ್ಯವಿದ್ಯೆಯ ಸಂಕಲ್ಪವನ್ನು ತಾಳಿದಳು.

1883ರಲ್ಲಿ ಸಮುದ್ರವನ್ನು ದಾಟಿ, ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜನ್ನು ಸೇರಿದ ಆಕೆ, ಪದವಿಗಾಗಿ ಬರೆದ ಪ್ರಬಂಧಕ್ಕೆ ಆರಿಸಿಕೊಂಡ ವಸ್ತುವು ಆರ್ಯ ಹಿಂದೂಗಳ ಪ್ರಸೂತಿಶಾಸ್ತ್ರ. ಸಂಸ್ಕೃತ ಗ್ರಂಥಗಳ ಅರಿವನ್ನೂ ಅಮೆರಿಕದ ಪಾಠವನ್ನೂ ಒಂದೇ ಹಾಳೆಯ ಮೇಲೆ ಕೂಡಿಸಿದ ಆ ಬರಹವು, ಕಲಿತದ್ದನ್ನು ಇತರರಿಗೆ ತಿಳಿಯಹೇಳುವುದೂ ವೈದ್ಯಶಿಕ್ಷಣದ ಅಂಗವೆಂಬುದಕ್ಕೆ ಸಾಕ್ಷಿ. 1886ರ ಮಾರ್ಚ್ 11ರ ಘಟಿಕೋತ್ಸವವನ್ನು ಕಾಣಲು ಕಾರ್ಕಳದ ಮಾಳ ಮೂಲದ ಪಂಡಿತಾ ರಮಾಬಾಯಿಯವರೂ ಅಲ್ಲಿದ್ದರು.

ಇಂದು ಠಾಣೆಯ ಕಳವಾದಲ್ಲಿಯೂ ನವೀ ಮುಂಬಯಿಯ ನೆರುಳ, ಕಾಮೋಠೆಗಳಲ್ಲಿಯೂ ವೈದ್ಯಕೀಯ ಕಾಲೇಜುಗಳಿವೆ. ಅಂಥ ಕಾಲೇಜಿನ ವಿದ್ಯಾರ್ಥಿಗೆ, ಕಲಿತದ್ದನ್ನು ಜನರಿಗೆ ತಿಳಿಯಹೇಳುವ ಜಾಲತಾಣವನ್ನು ರಚಿಸುವ ಕಾರ್ಯವನ್ನು ಪಾಠದ ಅಂಗವಾಗಿ ವಿಧಿಸುವುದು ಆ ಪ್ರಬಂಧದ ಪರಂಪರೆಯನ್ನೇ ಮುಂದುವರಿಸುವುದಾಗಿದೆ. ನಡುರಾತ್ರಿ ಭೇದಿಯಿಂದ ಬಳಲುವ ಮಗುವನ್ನು ಮಡಿಲಲ್ಲಿಟ್ಟುಕೊಂಡು ಮೊಬೈಲಿನಲ್ಲಿ ಉಪಾಯ ಹುಡುಕುವ ಡೊಂಬಿವಲಿಯ ತಾಯಿಗೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಎಂದು ತಪ್ಪಿಲ್ಲದೆ, ಆಕೆಯ ನುಡಿಯಲ್ಲಿಯೇ ಬರೆಯಬಲ್ಲವನು ಅರ್ಧ ವೈದ್ಯನಾದಂತೆಯೇ ಸರಿ.

ಆನಂದೀಬಾಯಿಯು ಇಪ್ಪತ್ತೆರಡು ತುಂಬುವ ಮುನ್ನವೇ, 1887ರ ಫೆಬ್ರುವರಿಯಲ್ಲಿ, ಕ್ಷಯಕ್ಕೆ ತುತ್ತಾದಳು. ಆಕೆಯ ಕೈಗೆ ಒದಗದೆಹೋದ ಸೇವೆಯು ಇಂದಿನ ಎಳೆಯರ ಕೈಯಿಂದಾದರೂ ಸಲ್ಲಲಿ.