ಸಿಡಿ ಪ್ಲೇಯರ್ ಬದಲಿಸಬೇಕೆ?

ಸ್ಟೀರಿಯೊಗೆ ಹೊಸ ಸಿಡಿ ಪ್ಲೇಯರ್ ಕೊಳ್ಳಬೇಕೆ ಎಂದು ಕೇಳುವವರಿಗೆ ನಾನು, ಮೊದಲು 1980ಕ್ಕೆ ಹೋಗಿ ಬನ್ನಿ ಎನ್ನುತ್ತೇನೆ. ಸೋನಿ ಮತ್ತು ಫಿಲಿಪ್ಸ್ ಸೇರಿ ಸಿಡಿಯ ನಿಯಮಗಳನ್ನು ಬರೆದದ್ದು ಆಗ. ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆಯಬೇಕು. ಪ್ರತಿ ಅಳತೆಗೂ 16 ಬಿಟ್. ಆ ವಿಚಿತ್ರ ಸಂಖ್ಯೆ ಬಂದದ್ದು ವಿಡಿಯೊ ಟೇಪಿನಿಂದ. ಡಿಜಿಟಲ್ ಧ್ವನಿಯನ್ನು ಆಗ ತುಂಬಿಡುತ್ತಿದ್ದುದು ಅದರಲ್ಲೇ.

ಫಿಲಿಪ್ಸ್‌ಗೆ 14 ಬಿಟ್ ಸಾಕೆನಿಸಿತ್ತು. ಸೋನಿ 16ಕ್ಕೆ ಪಟ್ಟು ಹಿಡಿದು ಗೆದ್ದಿತು. ಆದರೆ ಫಿಲಿಪ್ಸ್ ಕೈಯಲ್ಲಿದ್ದದ್ದು 14 ಬಿಟ್ಟಿನ ಚಿಪ್. ಅವರು ಅದನ್ನು ಎಸೆಯಲಿಲ್ಲ, ನಾಲ್ಕು ಪಟ್ಟು ವೇಗದಲ್ಲಿ ಓಡಿಸಿ 16ರ ಸೂಕ್ಷ್ಮತೆಯನ್ನು ಹೊರಡಿಸಿದರು. ನಮ್ಮ ರಿಪೇರಿ ಅಂಗಡಿಗಳಿಗೆ ಒಪ್ಪುವ ಜಾಣತನ! 1982ರ ಅಕ್ಟೋಬರಿನಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಸೋನಿ ಸಿಡಿಪಿ-101ರಲ್ಲಿ ಎಡಕ್ಕೂ ಬಲಕ್ಕೂ ಒಂದೇ ಪರಿವರ್ತಕ. ಹಾಗಾಗಿ ಒಂದು ಕಡೆಯ ಧ್ವನಿ ಸೆಕೆಂಡಿನ ಲಕ್ಷದಲ್ಲೊಂದು ಭಾಗದಷ್ಟು ತಡವಾಗಿ ಹೊರಡುತ್ತಿತ್ತು. ಬೆಲೆ 1,68,000 ಯೆನ್.

ಇಂಥ ಕೊರತೆಗಳಿದ್ದಾಗ ಪ್ಲೇಯರ್ ಬದಲಿಸುವುದಕ್ಕೆ ಅರ್ಥವಿತ್ತು. ಆಮೇಲೆ ಚಿಪ್‌ಗಳು ಸುಧಾರಿಸಿದವು, ಅಗ್ಗವೂ ಆದವು. ಡಿಸ್ಕಿನಲ್ಲಿರುವುದು ಮಾತ್ರ ಇವತ್ತಿಗೂ ಅದೇ 16 ಬಿಟ್.

ನಮ್ಮಮ್ಮ ಕೂಡಿಟ್ಟ ಇನ್ನೂರು ಸಿಡಿಗಳಲ್ಲಿ ಕೆಲವು ನನಗೆ ಬೇರೆಲ್ಲೂ ಸಿಕ್ಕಿಲ್ಲ. ನನ್ನ ಹಳೆಯ ಪ್ಲೇಯರ್ ಅವನ್ನು ಓದಲು ಈಚೆಗೆ ತಡವರಿಸುತ್ತಿದೆ. ಅದು ಲೇಸರ್ ಸವೆದ ಲಕ್ಷಣ. ಓದಿದ ಮೇಲೆ ಸ್ವರಕ್ಕೇನೂ ಕುಂದಿಲ್ಲ. ಲೇಸರ್ ಹೆಡ್ ಬದಲಿಸಲು ಕೊಟ್ಟಿದ್ದೇನೆ. ಉಳಿದ ಹಣ ಸ್ಪೀಕರ್‌ಗೆ. ಅಲ್ಲಿನ ವ್ಯತ್ಯಾಸ ಅಮ್ಮನ ಕಿವಿಗೂ ತಿಳಿಯುತ್ತದೆ.