ಹಮ್ಮ್, ಹಝನ್ ಮತ್ತು ಬಲ್ಖ್‌ನ ಒಬ್ಬ ವಿದ್ವಾಂಸ

ಪ್ರವಾದಿಯವರು(ಸ) ಅಲ್ಲಾಹನ ಅಭಯ ಯಾಚಿಸುತ್ತಿದ್ದ ಒಂದು ದುಆದಲ್ಲಿ ಹಮ್ಮ್ ಮತ್ತು ಹಝನ್ ಎಂಬ ಪದಗಳು ಜೊತೆಯಾಗಿ ಬರುತ್ತವೆ. ಮುಂದೇನಾಗುವುದೋ ಎಂಬ ಕಳವಳ ಹಮ್ಮ್. ಆಗಿಹೋದುದರ ದುಃಖ ಹಝನ್ ಎಂದು ವಿದ್ವಾಂಸರು ವಿವರಿಸಿದ್ದಾರೆ. ವೈದ್ಯರು ಇಂದು ಆತಂಕ, ಖಿನ್ನತೆ ಎನ್ನುವ ಕಾಯಿಲೆಗಳೂ ಹಾಗೆಯೇ, ಎಷ್ಟೋ ಮಂದಿಯಲ್ಲಿ ಒಟ್ಟಿಗೇ ಕಾಣುತ್ತವೆ. ನಮ್ಮ ಕೆಂಪಾಪುರದ ಮನೆಗಳಲ್ಲೂ ಇವೆ. ಆದರೆ 'ಈಮಾನ್ ಸಾಲದು' ಎಂಬ ಒಂದು ಮಾತಿನಿಂದ ಬಾಯಿ ಮುಚ್ಚಿಸಿಬಿಡುತ್ತೇವೆ. ಮಗನ ಅಗಲಿಕೆಯಲ್ಲಿ ಅತ್ತು ಅತ್ತು ಕಣ್ಣು ಬೆಳ್ಳಗಾದ ಪ್ರವಾದಿ ಯಾಕೂಬರ(ಅ) ಈಮಾನ್ ಕಡಿಮೆಯಿತ್ತೇ?

ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಈ ಬಗ್ಗೆ ಬರೆದವರು ಅಬೂ ಝೈದ್ ಅಲ್-ಬಲ್ಖಿ. ಇಂದಿನ ಅಫ್ಘಾನಿಸ್ತಾನದ ಬಲ್ಖ್ ಸೀಮೆಯವರು, ಕ್ರಿ.ಶ. 934ರಲ್ಲಿ ತೀರಿಕೊಂಡರು. ದೇಹ ಮತ್ತು ಮನಸ್ಸಿನ ಆರೋಗ್ಯದ ಕುರಿತ ಅವರ 'ಮಸಾಲಿಹುಲ್ ಅಬ್ದಾನ್ ವಲ್ ಅನ್‌ಫುಸ್' ಗ್ರಂಥದ ಎರಡನೇ ಭಾಗ ಪೂರ್ತಿ ಮನಸ್ಸಿಗೇ ಮೀಸಲು. ಕೋಪ, ಭಯ, ದುಃಖ, ವಸ್‌ವಾಸ್ ಒಂದೊಂದನ್ನೂ ಬಿಡಿಸಿ ನೋಡುತ್ತಾರೆ. ಭಯಕ್ಕೆ ಅವರು ಕೊಡುವ ಹೋಲಿಕೆ ಸೊಗಸಾದದ್ದು. ಮರುಭೂಮಿಯ ಬದೂವಿ ಮೊದಲ ಬಾರಿ ಮಂಜು ಕಂಡು ದಾಟಲಾಗದ ಗೋಡೆಯೆಂದು ಹೆದರುತ್ತಾನೆ. ಒಳಹೊಕ್ಕರೆ ಬರೀ ತೇವದ ಗಾಳಿ. ಕಾರಣ ತಿಳಿದ ದುಃಖ ಬೇರೆ, ಕಾರಣವೇ ಕಾಣದ ದುಃಖ ಬೇರೆ, ಎರಡನೆಯದರ ಮೂಲ ದೇಹದಲ್ಲಿದೆ, ಅದಕ್ಕೆ ಔಷಧವೂ ಬೇಕು ಎಂದರು. ಆರೋಗ್ಯವಾಗಿರುವಾಗಲೇ ಒಳ್ಳೆಯ ಆಲೋಚನೆಗಳನ್ನು ಮದ್ದಿನಂತೆ ಕೂಡಿಟ್ಟುಕೊಳ್ಳಿ ಎಂದೂ ಹೇಳಿದರು.

ಸುಡಾನಿನ ಮನಶ್ಶಾಸ್ತ್ರಜ್ಞ ಮಾಲಿಕ್ ಬದ್ರಿ 2013ರಲ್ಲಿ ಈ ಭಾಗವನ್ನು ಇಂಗ್ಲಿಷಿಗೆ ತಂದು, ಇದು ಆ ಕಾಲದ ಸಿಬಿಟಿ ಎಂದರು. ಅಷ್ಟು ದೂರ ನಾನು ಹೋಗಲಾರೆ. ಸಿಬಿಟಿಯನ್ನು 1960ರ ದಶಕದಲ್ಲಿ ರೂಪಿಸಿದವರಲ್ಲಿ ಪ್ರಮುಖರು ಅಮೆರಿಕದ ಆ್ಯರನ್ ಬೆಕ್. ಅದನ್ನು ರೋಗಿಗಳ ಮೇಲೆ ಪರೀಕ್ಷಿಸಿ ನೋಡಿದ್ದಾರೆ. 'ನಾನು ಯಾತಕ್ಕೂ ಬಾರದವನು' ಎಂಬ ಯೋಚನೆಯನ್ನು ಕಾಗದದ ಮೇಲೆ ಬರೆಸಿ, ಇದಕ್ಕೆ ಸಾಕ್ಷಿ ಏನು ಎಂದು ಕೇಳುತ್ತಾರೆ. ಹೆದರಿ ಮನೆಯೊಳಗೆ ಕೂತವನು ಇನ್ನಷ್ಟು ಕುಗ್ಗುತ್ತಾನೆ, ಕುಗ್ಗಿದಷ್ಟೂ ಹೆದರುತ್ತಾನೆ. ಆದ್ದರಿಂದ ದಿನಕ್ಕೊಂದು ಚಿಕ್ಕ ಕೆಲಸ, ತಪ್ಪಿಸಿಕೊಳ್ಳುತ್ತಿದ್ದ ಕಡೆಗೆ ಒಂದೊಂದೇ ಹೆಜ್ಜೆ. ಆತಂಕ, ಖಿನ್ನತೆ ಎರಡಕ್ಕೂ ಇದೇ ದಾರಿ.

ಇದಕ್ಕಾಗಿ ದೂರದೂರಿಗೆ ಹೋಗಬೇಕಿಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್ ಮೊದಲು ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯಾಗಿತ್ತು. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು, 1974ರಲ್ಲಿ ಈಗಿನ ಹೆಸರು ಬಂತು. ಅಷ್ಟು ದೂರ ಹೋಗಲು ಹಿಂಜರಿಯುವವರಿಗೆ, ವಿಶೇಷವಾಗಿ ಮನೆಯ ಹೆಣ್ಣುಮಕ್ಕಳಿಗೆ, 2022ರಲ್ಲಿ ಶುರುವಾದ ಸರ್ಕಾರದ ಟೆಲಿ-ಮಾನಸ್ ಇದೆ. ಸಂಖ್ಯೆ 14416. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲಿ ಮಾತಾಡಬಹುದು.